ತಲೆಗೆ ಪೆಟ್ಟೂ ಆಗಿದೆ, ಪಿಟಿಎಸ್‌ಡಿಯೂ ಇದೆ: 108 ಸಿಬ್ಬಂದಿಗೆ ಯಾವ ಚಿಕಿತ್ಸೆ ಮೊದಲು?

ಹೇಮಾವತಿ ದಂಡೆ (ಸಕಲೇಶಪುರ)
ನಮಸ್ಕಾರ ಎಲ್ರಿಗೂ. 108ರಲ್ಲಿ ಇಎಂಟಿ (ಆಂಬುಲೆನ್ಸಲ್ಲಿ ಪೇಷಂಟ್ ನೋಡ್ಕೊಳ್ಳೋ ಸಿಬ್ಬಂದಿ) ಆಗಿರೋ ಒಬ್ಬರ ಪರವಾಗಿ, ಅವರ ಒಪ್ಪಿಗೆ ತಗೊಂಡೇ ಕೇಳ್ತಿದ್ದೀನಿ. ನಾಲ್ಕು ತಿಂಗಳ ಹಿಂದೆ ಘಾಟಿಯಲ್ಲಿ ಗಾಡಿ ಪಲ್ಟಿಯಾಯ್ತು. ಹಿಂದೆ ಪೇಷಂಟ್ ಪಕ್ಕ ಕೂತಿದ್ದವರ ತಲೆ ಸಿಲಿಂಡರ್ ಕಟ್ಟಿದ ಕಂಬಿಗೆ ಬಡೀತು. ಹತ್ತು ನಿಮಿಷ ಎಚ್ಚರ ಇರ್ಲಿಲ್ಲ. ಎಚ್ಚರಾದ ಮೇಲೂ ಐದಾರು ಗಂಟೆ "ಪೇಷಂಟ್ ಎಲ್ಲಿ" ಅಂತ ಅದೊಂದನ್ನೇ ಕೇಳ್ತಿದ್ರು. ಪೇಷಂಟ್ ಉಳೀಲಿಲ್ಲ.

ಸಿಟಿ ಸ್ಕ್ಯಾನ್ ನಾರ್ಮಲ್. ಈಗ ದಿನಾ ತಲೆನೋವು, ತಲೆಸುತ್ತು, ಟ್ಯೂಬ್‌ಲೈಟ್ ಬೆಳಕು ಆಗಲ್ಲ, ಹೇಳಿದ್ದು ಮರೀತಾರೆ, ಮಕ್ಕಳ ಮೇಲೆ ರೇಗ್ತಾರೆ. ಸೈರನ್ ಕೇಳಿದ್ರೆ ಕೈ ನಡುಗುತ್ತೆ, ವಾರಕ್ಕೆ ಮೂರು ಸಲ ಅದೇ ಕನಸು. ನರದ ಡಾಕ್ಟ್ರು "ಇದು ಮನಸ್ಸಿಂದು" ಅಂದ್ರು. ಮನಸ್ಸಿನ ಡಾಕ್ಟ್ರು "ತಲೆ ಮೊದ್ಲು ವಾಸಿಯಾಗ್ಲಿ, ಆರು ತಿಂಗಳು ಬಿಟ್ಟು ಬನ್ನಿ" ಅಂದ್ರು. ಯಾವುದು ಮೊದ್ಲು? ಗೊತ್ತಿರೋರು ಬಿಡಿಸಿ ಹೇಳಿ.

ಬಾಬಾಬುಡನ್ ಗಾಳಿ (ಚಿಕ್ಕಮಗಳೂರು)
ಎರಡೂ ಒಟ್ಟಿಗೆ. ಆರು ತಿಂಗಳು ಕಾಯಿಸೋದೇ ಇದರಲ್ಲಿ ಆಗೋ ದೊಡ್ಡ ತಪ್ಪು.

ನೀವು ಹೇಳಿದ ಲೆಕ್ಕದಲ್ಲಿ ಇದು ಮೈಲ್ಡ್ ಪೆಟ್ಟು. ಎಚ್ಚರ ತಪ್ಪಿದ್ದು 30 ನಿಮಿಷದ ಒಳಗೆ, ಗೊಂದಲ 24 ಗಂಟೆಯ ಒಳಗೆ, ಗ್ಲಾಸ್ಗೋ ಅಂಕ (ಎಚ್ಚರ ಎಷ್ಟಿದೆ ಅಂತ ಅಳೆಯೋದು) 13ರಿಂದ 15 ಇದ್ರೆ ಮೈಲ್ಡ್ ಅಂತಾರೆ. ಆ ಪದ ಪೆಟ್ಟಿನ ಅಳತೆ ಅಷ್ಟೇ, ಅನುಭವಿಸೋ ಕಷ್ಟದ ಅಳತೆ ಅಲ್ಲ. ಸಿಟಿಯಲ್ಲಿ ಕಾಣೋದು ರಕ್ತಸ್ರಾವ, ಮೂಳೆ ಬಿರುಕು. ನರದ ಎಳೆಗಳು ಜಗ್ಗಿದ್ದು ಅದರಲ್ಲಿ ಕಾಣಲ್ಲ. ಹಂಗಾಗಿ "ಸಿಟಿ ನಾರ್ಮಲ್, ಆದ್ದರಿಂದ ಮನಸ್ಸಿಂದು" ಅನ್ನೋ ತರ್ಕ ನಿಲ್ಲಲ್ಲ.

ಇನ್ನೊಂದು ಕಡೆ, ಒಂದು ತಿಂಗಳು ದಾಟಿದ ಮೇಲೂ ಕನಸು, ಬೆಚ್ಚಿ ಬೀಳೋದು, ತಪ್ಪಿಸ್ಕೊಳ್ಳೋದು ಇದ್ರೆ ಅದನ್ನ ಪಿಟಿಎಸ್‌ಡಿ, ಅಂದ್ರೆ ಆಘಾತ ಆದ ಮೇಲೆ ಮನಸ್ಸಲ್ಲಿ ಉಳಿಯೋ ಕಾಯಿಲೆ, ಅಂತ ನೋಡ್ಲೇಬೇಕು. ನಿದ್ದೆ ಕೆಡೋದು, ರೇಗೋದು, ಗಮನ ನಿಲ್ಲದೇ ಇರೋದು ಎರಡರಲ್ಲೂ ಇರುತ್ತೆ. ತಲೆನೋವು, ತಲೆಸುತ್ತು, ಬೆಳಕು ಆಗದೇ ಇರೋದು ಪೆಟ್ಟಿನ ಕಡೆ ಜಾಸ್ತಿ. ಅದೇ ಕನಸು, ಸೈರನ್ ಭಯ ಆಘಾತದ ಕಡೆ. ಪಿಟಿಎಸ್‌ಡಿಗೆ ಚಿಕಿತ್ಸೆ ಆದ್ರೆ ನಿದ್ದೆ ಬರುತ್ತೆ, ನಿದ್ದೆ ಬಂದ್ರೆ ತಲೆನೋವು, ಮರೆವು ಎರಡೂ ಇಳಿಯುತ್ತೆ. ಅದಕ್ಕೇ ಕಾಯೋದು ನಷ್ಟ.

ಮೂಡಿಗೆರೆ ಮಳೆ
ಒಂದು ಅನುಮಾನ. ಅಪಘಾತದ ಗಳಿಗೆಯೇ ನೆನಪಿಲ್ಲ ಅಂದ್ಮೇಲೆ ಪಿಟಿಎಸ್‌ಡಿ ಹೆಂಗೆ ಬರುತ್ತೆ?

ಬಾಬಾಬುಡನ್ ಗಾಳಿ
ಬರುತ್ತೆ ಕಣ್ರೀ. ಪೂರ್ತಿ ಕಥೆ ನೆನಪಿರಬೇಕು ಅಂತಿಲ್ಲ. ಟೈರ್ ಜಾರಿದ ಸದ್ದು, ಡೀಸೆಲ್ ವಾಸನೆ, ರಸ್ತೆ ಮೇಲೆ ಎಚ್ಚರಾದ ಕ್ಷಣ, ಇಂಥ ಚೂರುಗಳೇ ಸಾಕು. ಜೊತೆಗೆ ಇವರ ಕೆಲಸದಲ್ಲಿ ಒಂದೇ ಘಟನೆ ಇರಲ್ಲ, ವರ್ಷಗಟ್ಟಲೆ ನೋಡಿದ ಕೇಸುಗಳು ಒಳಗೆ ಕೂತಿರ್ತವೆ. ಮನಸ್ಸಿನ ಕಾಯಿಲೆ ಗುರುತಿಸೋಕೆ ಬಳಸೋ 2013ರ ಡಿಎಸ್‌ಎಂ-5 ಕೈಪಿಡಿಯಲ್ಲಿ, ಕೆಲಸದ ಭಾಗವಾಗಿ ಮತ್ತೆ ಮತ್ತೆ ಭೀಕರ ವಿವರಗಳಿಗೆ ಒಡ್ಡಿಕೊಳ್ಳೋದನ್ನೂ ಆಘಾತ ಅಂತ ಎಣಿಸಿದ್ದಾರೆ. ಶವದ ಭಾಗ ಸಂಗ್ರಹಿಸೋ ತುರ್ತು ಸಿಬ್ಬಂದಿಯ ಉದಾಹರಣೆಯೇ ಅಲ್ಲಿದೆ.

ಗೊರೂರು ನಾಲೆ (ಹಾಸನ)
ಎಂಆರ್‌ಐ ಮಾಡ್ಸಿಬಿಡಿ ಸಾರ್, ಅನುಮಾನ ಹೋಗುತ್ತೆ.

ಕಾಡುಮಲ್ಲಿಗೆ
ಎಂಆರ್‌ಐಯೂ ಬಹಳಷ್ಟು ಸಲ ನಾರ್ಮಲ್ಲೇ ಬರುತ್ತೆ, ಅದರಿಂದ ಚಿಕಿತ್ಸೆ ಬದಲಾಗಲ್ಲ. ಆದ್ರೆ ಇವು ಕಂಡ್ರೆ ಅವತ್ತೇ ಮತ್ತೆ ಸ್ಕ್ಯಾನ್: ದಿನದಿಂದ ದಿನಕ್ಕೆ ಏರ್ತಾ ಹೋಗೋ ತಲೆನೋವು, ಪದೇ ಪದೇ ವಾಂತಿ, ಮಂಪರು, ಫಿಟ್ಸ್, ಒಂದು ಕೈಕಾಲು ಸೋಲೋದು, ಎರಡು ಕಣ್ಣಿನ ಪಾಪೆ ಒಂದೇ ಸಮ ಇಲ್ದೇ ಇರೋದು, ಮೂಗಿಂದ ನೀರಿನಂಥ ದ್ರವ ಇಳಿಯೋದು. ಕುಡಿತ ಇರೋರಿಗೆ, ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರಿಗೆ, ವಯಸ್ಸಾದವರಿಗೆ ವಾರಗಳಾದ ಮೇಲೂ ತಲೆಬುರುಡೆ ಒಳಗೆ ನಿಧಾನವಾಗಿ ರಕ್ತ ಕಟ್ಟಬಹುದು. ಮೊದಲ ದಿನದ ಸಿಟಿ ಅದನ್ನ ಹೇಳಲ್ಲ.

ಬೇಲೂರು ದಾರಿ
ನನ್ನ ಅಭಿಪ್ರಾಯ ಬೇರೆ. ಮೂರು ತಿಂಗಳು ರಜೆ ಹಾಕಿ, ಕತ್ತಲೆ ರೂಮಲ್ಲಿ ಮಲಗಿ, ಮೊಬೈಲ್ ಬಿಟ್ಟು, ಯೋಗ ಮಾಡಿದ್ರೆ ಎಲ್ಲ ಸರಿಹೋಗುತ್ತೆ. ಮನಸ್ಸು ಗಟ್ಟಿ ಮಾಡ್ಕೋಬೇಕು.

ಕಾಡುಮಲ್ಲಿಗೆ
ಇದನ್ನ ಓದಿ ಯಾರಾದ್ರೂ ಹಂಗೇ ಮಾಡಿಬಿಡ್ತಾರೆ ಅಂತ ಆತಂಕ ಆಗ್ತಿದೆ, ದಯವಿಟ್ಟು ಕೇಳಿ. ಪೆಟ್ಟಾದ ಮೇಲೆ ಪೂರ್ತಿ ವಿಶ್ರಾಂತಿ ಬೇಕಿರೋದು 24ರಿಂದ 48 ಗಂಟೆ ಮಾತ್ರ. ಆಮೇಲೆ ಕತ್ತಲೆ ರೂಮು ಔಷಧಿ ಅಲ್ಲ, ಕಾಯಿಲೆ ಉದ್ದ ಮಾಡೋ ದಾರಿ. ಮನೆಯೊಳಗೆ ಕಪ್ಪು ಕನ್ನಡಕ ಹಾಕ್ಕೊಂಡೇ ಇದ್ರೆ ಕಣ್ಣು ಆ ಕತ್ತಲಿಗೆ ಹೊಂದಿಕೊಂಡು ಬೆಳಕು ಇನ್ನೂ ಚುಚ್ಚುತ್ತೆ.

ಮಾಡಬೇಕಾದ್ದು ನಡಿಗೆ. ಸಮತಟ್ಟು ಜಾಗದಲ್ಲಿ ದಿನಾ 15-20 ನಿಮಿಷ ಬಿರುಸಾಗಿ. ಶುರು ಮಾಡೋ ಮುಂಚೆ ತಲೆನೋವಿಗೆ ಹತ್ತರಲ್ಲಿ ಎಷ್ಟು ಅಂತ ಅಂಕ ಕೊಡ್ಲಿ. ನಡೀವಾಗ ಎರಡು ಅಂಕದಷ್ಟು ಏರಿ ಒಂದು ಗಂಟೆಯೊಳಗೆ ಇಳಿದ್ರೆ ಮುಂದುವರಿಸಬಹುದು. ಅದಕ್ಕಿಂತ ಏರಿದ್ರೆ ಅವತ್ತಿಗೆ ನಿಲ್ಲಿಸಿ, ಮಾರನೇ ದಿನ ವೇಗ ತಗ್ಗಿಸಿ ಮತ್ತೆ ಹೋಗಬೇಕು. ಯೋಗ ಮಾಡ್ಲಿ, ಸಂತೋಷ. ಆದ್ರೆ ಶೀರ್ಷಾಸನ, ಸರ್ವಾಂಗಾಸನ, ಜೋರಾದ ಕಪಾಲಭಾತಿ ಸದ್ಯಕ್ಕೆ ಬೇಡ. ಮನಸ್ಸು ಗಟ್ಟಿ ಇಲ್ದೋರು ಘಾಟಿಯ ರಾತ್ರಿ ಡ್ಯೂಟಿ ಒಪ್ಕೊಳ್ಳಲ್ಲ ಸಾರ್. ಇದು ಗಟ್ಟಿತನದ ಪ್ರಶ್ನೆಯೇ ಅಲ್ಲ.

ಬೇಲೂರು ದಾರಿ
48 ಗಂಟೆ ವಿಷಯ ಗೊತ್ತಿರ್ಲಿಲ್ಲ. ಒಪ್ಕೋತೀನಿ.

ದೋಣಿಗಾಲ್ ತಿರುವು
ತಲೆಸುತ್ತು ಅಂದ್ರಲ್ಲ, ಅದನ್ನ ಮೊದ್ಲು ಬೇರ್ಪಡಿಸಿ. ಘಾಟಿ ಕೆಲಸದವರಿಗೆ ಇದು ಬಹಳ ಮುಖ್ಯ, ಯಾಕಂದ್ರೆ ಕಿವಿಯೊಳಗಿನ ತೊಂದರೆಯನ್ನ ಭಯ ಅಂತ, ಭಯವನ್ನ ಕಿವಿಯ ತೊಂದರೆ ಅಂತ ತಪ್ಪು ತಿಳಿಯೋದು ಇಲ್ಲೇ.

ತಲೆಗೆ ಪೆಟ್ಟು ಬಿದ್ದಾಗ ಒಳಕಿವಿಯ ಸಣ್ಣ ಹರಳುಗಳು ಜಾಗ ಬಿಟ್ಟು ಅರೆವೃತ್ತದ ನಾಳಕ್ಕೆ ಜಾರ್ತವೆ. ಆಗ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದ್ರೆ, ಅಟ್ಟದ ಮೇಲಿನ ಸಾಮಾನಿಗೆ ತಲೆ ಎತ್ತಿದ್ರೆ ಲೋಕವೇ ತಿರುಗುತ್ತೆ. ಒಂದು ನಿಮಿಷದೊಳಗೆ ನಿಲ್ಲುತ್ತೆ. ಭಯದ್ದು ಹಂಗಲ್ಲ, ಎದೆ ಬಡಿತ ಏರಿ, ಉಸಿರು ಕಟ್ಟಿ, ಹತ್ತು ನಿಮಿಷದವರೆಗೂ ಏರ್ತಾ ಹೋಗುತ್ತೆ. ನಿಂತ ಗಾಡಿಯಲ್ಲಿ ಸೈರನ್ ಕೇಳಿದ್ರೂ ಆಗುತ್ತಾ? ಹಂಗಾದ್ರೆ ಭಯ. ಮಾರನಹಳ್ಳಿಯಿಂದ ಗುಂಡ್ಯಕ್ಕೆ ಸಾರಿಗೆ ಬಸ್ಸಲ್ಲಿ, ಸೈರನ್ ಏನೂ ಇಲ್ಲದೇ, ತಿರುವಿಗೊಮ್ಮೆ ತಲೆ ತೇಲುತ್ತಾ? ಆಗ ಕಿವಿ ನೋಡಿಸಬೇಕು. ಇಎನ್‌ಟಿಯವರು ತಲೆಯನ್ನ ಒಂದು ಕಡೆ ತಿರುಗಿಸಿ ಬೇಗ ಮಲಗಿಸಿ ಕಣ್ಣುಗುಡ್ಡೆ ಕುಣಿಯುತ್ತಾ ನೋಡ್ತಾರೆ. ಹೌದಾದ್ರೆ ಎಪ್ಲಿ ಅನ್ನೋ ಕ್ರಮದಲ್ಲಿ ತಲೆಯನ್ನ ಹಂತಹಂತವಾಗಿ ಹೊರಳಿಸಿ ಹರಳು ವಾಪಸ್ ಕೂರಿಸ್ತಾರೆ. ಬಹಳ ಜನಕ್ಕೆ ಒಂದೆರಡು ಸಲದಲ್ಲೇ ಸರಿಹೋಗುತ್ತೆ. ತಿಂಗಳುಗಟ್ಟಲೆ ತಲೆಸುತ್ತಿನ ಮಾತ್ರೆ ನುಂಗೋದು ಬೇಕಾಗಲ್ಲ. ಕುತ್ತಿಗೆಗೂ ಪೆಟ್ಟಾಗಿದ್ರೆ ಮೊದ್ಲು ಹೇಳಿ, ಇದನ್ನ ಯೂಟ್ಯೂಬ್ ನೋಡ್ಕೊಂಡು ಮನೇಲಿ ಮಾಡ್ಬೇಡಿ.

ಹೇಮಾವತಿ ದಂಡೆ
ಮಗ್ಗುಲು ಬದಲಿಸಿದ್ರೆ ಸುತ್ತುತ್ತೆ ಅಂತ ಅವರ ಮನೆಯವರು ಹೇಳಿದ್ದು ನಿಜ! ಯಾರೂ ಇದನ್ನ ಕೇಳಿರ್ಲಿಲ್ಲ. ಮಾತ್ರೆ ವಿಷಯ: ಮೆಡಿಕಲ್ ಶಾಪಿಂದ ಆಲ್ಪ್ರಜೋಲಮ್ (ಆತಂಕ ಇಳಿಸೋ ಮಾತ್ರೆ) ತಗೊಂಡು ಎರಡು ತಿಂಗಳಾಯ್ತು, ತಲೆನೋವಿಗೆ ದಿನಾ ಪ್ಯಾರಾಸಿಟಮಾಲ್.

ಔಷಧಿ ಕಪಾಟು (ಅರಸೀಕೆರೆ)
ಎರಡೂ ತೊಂದರೆ ಕೊಡ್ತಿವೆ. ಆಲ್ಪ್ರಜೋಲಮ್, ಕ್ಲೋನಜೆಪಮ್ ಥರದವನ್ನ ಪಿಟಿಎಸ್‌ಡಿಗೆ ಕೊಡಬಾರದು ಅಂತಲೇ ಮಾರ್ಗಸೂಚಿಗಳು ಹೇಳ್ತವೆ. ಪೆಟ್ಟು ತಿಂದ ಮೆದುಳಿಗೆ ಮರೆವು, ತೂಕಡಿಕೆ, ತೂರಾಟ ಜಾಸ್ತಿ ಮಾಡ್ತವೆ. ಆದ್ರೆ ಎರಡು ತಿಂಗಳು ತಗೊಂಡವರು ನಾಳೆಯಿಂದ ಬಿಡಬಾರದು, ಫಿಟ್ಸ್ ಬರಬಹುದು. ವಾರವಾರ ಸ್ವಲ್ಪ ಸ್ವಲ್ಪ ಇಳಿಸಬೇಕು, ಡಾಕ್ಟ್ರ ಲೆಕ್ಕದಲ್ಲಿ.

ಪ್ಯಾರಾಸಿಟಮಾಲ್ ತಿಂಗಳಿಗೆ 15 ದಿನ ಅಥವಾ ಹೆಚ್ಚು, ಮೂರು ತಿಂಗಳು ಮೀರಿ ತಗೊಂಡ್ರೆ ಮಾತ್ರೆಯೇ ತಲೆನೋವು ತರುತ್ತೆ. ಬಿಟ್ಟ ಮೊದಲ ಒಂದೆರಡು ವಾರ ನೋವು ಏರಿ ಆಮೇಲೆ ಇಳಿಯುತ್ತೆ. ಅದನ್ನ ಮುಂಚೆ ಹೇಳದಿದ್ರೆ ನಾಲ್ಕನೇ ದಿನಕ್ಕೆ ಮತ್ತೆ ಸ್ಟ್ರಿಪ್ ಹರೀತಾರೆ.

ಪಿಟಿಎಸ್‌ಡಿಗೆ ಆಧಾರ ಇರೋ ಮಾತ್ರೆ ಸರ್ಟ್ರಲಿನ್, ಪ್ಯಾರೊಕ್ಸೆಟಿನ್, ವೆನ್ಲಾಫ್ಯಾಕ್ಸಿನ್. ತಲೆ ಪೆಟ್ಟು ಇರೋರಿಗೆ ಕಡಿಮೆಯಿಂದ ಶುರು, ನಿಧಾನವಾಗಿ ಏರಿಕೆ: ಸರ್ಟ್ರಲಿನ್ ಆದ್ರೆ ಸಾಮಾನ್ಯವಾಗಿ 25 ಮಿಲಿಗ್ರಾಂನಿಂದ. ಮೊದಲ ಎರಡು ವಾರ ಹೊಟ್ಟೆ ತೊಳಸು, ಚಡಪಡಿಕೆ ಇರುತ್ತೆ. ಗುಣ ಗೊತ್ತಾಗೋಕೆ ನಾಲ್ಕರಿಂದ ಆರು ವಾರ ಬೇಕು. ಹತ್ತನೇ ದಿನಕ್ಕೆ "ಇದು ಆಗ್ಲಿಲ್ಲ" ಅಂತ ಬಿಡೋರೇ ಜಾಸ್ತಿ. ಮೈನೋವಿಗೆ ಟ್ರಮಡಾಲ್ ಬರೆದಿದ್ರೆ ಇದರ ಜೊತೆ ಬೇಡ, ಫಿಟ್ಸ್ ಅಪಾಯ ಏರುತ್ತೆ. ಐಬುಪ್ರೊಫೆನ್ ಜೊತೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ. ಖಿನ್ನತೆಗೆ ಕೊಡೋ ಬುಪ್ರೊಪಿಯಾನ್ ಕೂಡ ಫಿಟ್ಸ್ ಕಾರಣಕ್ಕೇ ತಲೆ ಪೆಟ್ಟಿನವರಿಗೆ ಸಾಮಾನ್ಯವಾಗಿ ದೂರ.

ಕುಡಿತ ಇದ್ಯಾ? ಡಾಕ್ಟ್ರಿಗೆ ನಿಜ ಹೇಳ್ಬೇಕು. ದಿನಾ ಕುಡಿಯೋರು ಒಮ್ಮೆಲೇ ನಿಲ್ಲಿಸಿದ್ರೆ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು, ಪೆಟ್ಟು ತಿಂದ ತಲೆಗೆ ಇನ್ನೂ ಸುಲಭವಾಗಿ. ಆಸ್ಪತ್ರೆಯ ನಿಗಾದಲ್ಲೇ ಬಿಡಿಸಬೇಕು.

ಗೊರೂರು ನಾಲೆ
ಕಾಫಿ? ನಮ್ ಕಡೆ ಕಾಫಿ ಬಿಡ್ಸೋಕಾಗಲ್ಲ.

ಔಷಧಿ ಕಪಾಟು
ಬಿಡೋದು ಬೇಡ, ಮಧ್ಯಾಹ್ನ ಎರಡರ ಮೇಲೆ ಬೇಡ. ಅರ್ಧದಷ್ಟು ಕೆಫೀನ್ ಮೈಯಿಂದ ಹೋಗೋಕೇ ಸುಮಾರು ಐದು ಗಂಟೆ ಬೇಕು.

ಮಾತಿನ ಮನೆ (ಹಾಸನ)
ಎಲ್ರೂ ಮಾತ್ರೆ ಹೇಳ್ತಿದ್ದೀರಿ, ಪಿಟಿಎಸ್‌ಡಿಗೆ ಮೊದಲ ಸಾಲಿನ ಚಿಕಿತ್ಸೆ ಮಾತಿನದ್ದು. "ಕೌನ್ಸೆಲಿಂಗ್" ಅಂತ ಯಾರಾದ್ರೂ ಹೇಳಿದ್ರೆ ಯಾವ ವಿಧಾನ, ಎಷ್ಟು ಸೆಷನ್ ಅಂತ ಕೇಳಿ. ಧೈರ್ಯ ಹೇಳಿ ಕಳಿಸೋದು ಚಿಕಿತ್ಸೆ ಅಲ್ಲ.

ಒಂದು, ಪ್ರೊಲಾಂಗ್ಡ್ ಎಕ್ಸ್‌ಪೋಷರ್. 8ರಿಂದ 15 ಸೆಷನ್, ಸಾಮಾನ್ಯವಾಗಿ 90 ನಿಮಿಷ. ಕಣ್ಣು ಮುಚ್ಚಿ ಆ ಘಟನೆಯನ್ನ ಈಗ ನಡೀತಿರೋ ಹಾಗೆ ಹೇಳ್ತಾ ಹೋಗೋದು: "ಗಾಡಿ ಎಡಕ್ಕೆ ಜಾರ್ತಿದೆ, ನಾನು ಸ್ಟ್ರೆಚರ್ ಹಿಡ್ಕೊಂಡಿದ್ದೀನಿ." ಅದನ್ನ ಫೋನಲ್ಲಿ ರೆಕಾರ್ಡ್ ಮಾಡಿ ಮನೇಲಿ ದಿನಾ ಕೇಳೋದು. ಇನ್ನೊಂದು ಭಾಗ, ತಪ್ಪಿಸ್ಕೊಳ್ತಿರೋ ಜಾಗಗಳಿಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗೋದು.

ಎರಡನೇದು ಸಿಪಿಟಿ (ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ), 12 ಸೆಷನ್. ಇಲ್ಲಿ ಹಿಡಿಯೋದು ಒಳಗೆ ಸಿಕ್ಕಿಕೊಂಡಿರೋ ಒಂದು ವಾಕ್ಯವನ್ನ. ಇಎಂಟಿಗಳಲ್ಲಿ ಆ ವಾಕ್ಯ ಹೆಚ್ಚಾಗಿ "ನನ್ನಿಂದ ಹೋದ್ರು" ಅಂತ ಇರುತ್ತೆ. "ನನ್ನಿಂದ ಹೋದ್ರು", "ನನ್ನ ಕೈಲಾಗ್ಲಿಲ್ಲ", "ನನ್ನ ಕೈಲಿರ್ಲಿಲ್ಲ", ಈ ಮೂರನ್ನ ಒಂದರ ಕೆಳಗೊಂದು ಬರೆಸಿ, ಯಾವುದಕ್ಕೆ ಏನು ಸಾಕ್ಷಿ ಅಂತ ಕೇಳಬೇಕು. ಗಾಡಿ ಓಡಿಸಿದ್ದು ಪೈಲಟ್, ರಸ್ತೆ ಒದ್ದೆ, ಇವರು ಹಿಂದೆ ಉಸಿರು ಕೊಡೋ ಆಂಬು ಬ್ಯಾಗ್ ಒತ್ತುತ್ತಾ ಇದ್ರು. ಮೊದಲ ವಾಕ್ಯಕ್ಕೆ ಸಾಕ್ಷಿ ಕಾಲಂ ಖಾಲಿ ಉಳಿಯುತ್ತೆ. ಹಂಗಂತ ದುಃಖ ಅಳಿಸಿ ಹೋಗಲ್ಲ. ತಪ್ಪಿತಸ್ಥ ಭಾವ ಬೇರೆ, ದುಃಖ ಬೇರೆ ಅಂತ ಬಿಡಿಸಿಕೊಳ್ಳೋದೇ ಕೆಲಸ.

ಕಣ್ಣು ಅತ್ತಿತ್ತ ಆಡಿಸ್ತಾ ಆ ನೆನಪನ್ನ ಎದುರಿಸೋ ಇಎಂಡಿಆರ್‌ಗೂ ಆಧಾರ ಇದೆ. ಐದೇ ಸೆಷನ್ನಿನ ಬರವಣಿಗೆ ಚಿಕಿತ್ಸೆಯೂ ಇದೆ, ಪ್ರತಿ ಸಲ 30 ನಿಮಿಷ ಕೂತು ಕೈಯಲ್ಲಿ ಬರೆಯೋದು. ಶಿಫ್ಟ್ ಕೆಲಸದವರಿಗೆ ಇದು ಹೊಂದಿಕೊಳ್ಳುತ್ತೆ.

ಮೂಡಿಗೆರೆ ಮಳೆ
ಮರೆವು ಇರೋರಿಗೆ ಇದೆಲ್ಲ ನಡೆಯುತ್ತಾ ಮೇಡಂ?

ಮಾತಿನ ಮನೆ
ನಡೆಯುತ್ತೆ. ತಲೆ ಪೆಟ್ಟಾದ ಮಾಜಿ ಸೈನಿಕರ ಮೇಲೆ ಅಮೆರಿಕದಲ್ಲಿ ಈ ಎರಡೂ ವಿಧಾನ ನೋಡಿದ್ದಾರೆ, ಗುಣ ಕಂಡಿದೆ. ಮಾಡೋ ರೀತಿ ಬದಲಾಗ್ಬೇಕು ಅಷ್ಟೇ. 90 ನಿಮಿಷ ಕೂರೋಕಾಗದಿದ್ರೆ 45 ನಿಮಿಷ, ವಾರಕ್ಕೆರಡು ಸಲ. ಬೆಳಿಗ್ಗೆ ಹೊತ್ತು, ಟ್ಯೂಬ್‌ಲೈಟ್ ಆರಿಸಿ ಕಿಟಕಿ ಬೆಳಕಲ್ಲಿ. ಒಂದು ವಾರಕ್ಕೆ ಒಂದೇ ಮನೆಗೆಲಸ, ಅದೂ ಒಂದೇ ಹಾಳೆಯಲ್ಲಿ ದಪ್ಪ ಅಕ್ಷರ. ಫೋನಲ್ಲಿ ಅಲಾರಂ. ಕೊನೆ ಹತ್ತು ನಿಮಿಷ ಮನೆಯವರನ್ನ ಒಳಗೆ ಕರೆದು ಏನು ಮಾಡಬೇಕು ಅಂತ ಹೇಳೋದು. "ಹೋಂವರ್ಕ್ ಮಾಡಿಲ್ಲ, ಸಹಕಾರ ಇಲ್ಲ" ಅಂತ ಫೈಲ್ ಮುಚ್ಚೋದು ಅನ್ಯಾಯ. ಮರೆತಿದ್ದಾರಾ, ತಪ್ಪಿಸ್ಕೊಂಡಿದ್ದಾರಾ ಅಂತ ಮೊದ್ಲು ನೋಡ್ಬೇಕು.

ಮೆಟ್ಟಿಲು ಅಂದ್ನಲ್ಲ, ಇವರಿಗೆ ಹೀಗಿರಬಹುದು. ಸ್ಟ್ಯಾಂಡಲ್ಲಿ ನಿಂತ ಆಂಬುಲೆನ್ಸನ್ನ ಹೊರಗಿಂದ ನೋಡೋದು. ಹಿಂಬಾಗಿಲು ತೆಗೆದು ಒಳಗೆ ಕೂರೋದು, ಎಂಜಿನ್ ಆಫ್. ಅದೇ ಸೀಟು, ಎಂಜಿನ್ ಆನ್. ಫೋನಲ್ಲಿ ಸಣ್ಣಗೆ ಸೈರನ್. ಊರೊಳಗೆ ಒಂದು ಸುತ್ತು. ಆಮೇಲೆ ಸಕಲೇಶಪುರದಿಂದ ದೋಣಿಗಾಲ್‌ವರೆಗೆ, ಹಗಲು, ಮಳೆ ಇಲ್ಲದ ದಿನ. ಮಾರನಹಳ್ಳಿ ದಾಟೋದು ಎಷ್ಟೋ ವಾರದ ಮಾತು. ಪ್ರತಿ ಮೆಟ್ಟಿಲಲ್ಲೂ ಸಂಕಟಕ್ಕೆ 0ಯಿಂದ 100ರ ಅಂಕ, ಅದು ಅರ್ಧಕ್ಕೆ ಇಳಿಯೋವರೆಗೆ ಅಥವಾ 30-45 ನಿಮಿಷ ಅಲ್ಲೇ ಇರಬೇಕು. 80ರಲ್ಲಿದ್ದಾಗ ಇಳಿದು ಓಡಿದ್ರೆ "ಓಡಿದ್ದಕ್ಕೇ ಬದುಕಿದೆ" ಅಂತ ಮೆದುಳು ಕಲಿಯುತ್ತೆ, ಮುಂದಿನ ಸಲ ಇನ್ನೂ ಕಷ್ಟ. ಕಿವಿಯ ಹರಳು ಸರಿಯಾಗೋ ಮುಂಚೆ ತಿರುವಿನ ಮೆಟ್ಟಿಲು ಹತ್ತಿಸಬಾರದು. ದೋಣಿಗಾಲ್ ತಿರುವು ಅವರು ಹೇಳಿದ್ದು ಅದಕ್ಕೇ ಮುಖ್ಯ.

ಯಸಳೂರು ಕಾಡಂಚು
108, ಪೊಲೀಸು, ಅಗ್ನಿಶಾಮಕ ಅಂತ ಹೇಳ್ವಾಗ ನಮ್ಮ ಆನೆ ಕಾರ್ಯಪಡೆಯ ವಾಚರ್‌ಗಳನ್ನ ಮರೀಬೇಡಿ. ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆ ಆನೆ ತುಳಿದ ಜಾಗಕ್ಕೆ ಮೊದ್ಲು ಮುಟ್ಟೋರು ಅವರೇ. 2023ರ ಡಿಸೆಂಬರ್ 4ರಂದು ಇಲ್ಲೇ ಕಾರ್ಯಾಚರಣೆಯಲ್ಲಿ ದಸರಾ ಆನೆ ಅರ್ಜುನ ಸತ್ತಾಗ ಊರಿಗೂರೇ ಅತ್ತಿತು. ಅಂಥ ದಿನದ ಮಾರನೇ ಬೆಳಿಗ್ಗೆ ತಂಡವನ್ನ ಒಟ್ಟಿಗೆ ಕೂರಿಸಿ "ಆಗಿದ್ದೆಲ್ಲ ಹೇಳಿ, ಹಗುರಾಗುತ್ತೆ" ಅನ್ನೋ ಕ್ರಮ ಇಲಾಖೆಗಳಲ್ಲಿ ಬಂದ್ರೆ ಒಳ್ಳೇದಲ್ವಾ?

ಮಾತಿನ ಮನೆ
ಕಾಳಜಿ ಸರಿ, ವಿಧಾನ ಸರಿಯಲ್ಲ ಅಣ್ಣ. ಕಡ್ಡಾಯವಾಗಿ ಒಂದೇ ಸಲ ಕೂರಿಸಿ ಎಲ್ಲ ಹೇಳಿಸೋ ಡಿಬ್ರೀಫಿಂಗ್ ಪಿಟಿಎಸ್‌ಡಿ ತಡೆಯಲ್ಲ, ಕೆಲವರಿಗೆ ಹಾನಿಯೂ ಆಗಬಹುದು. ವಿಶ್ವ ಆರೋಗ್ಯ ಸಂಸ್ಥೆ ಅದರ ಬದಲು ಮಾನಸಿಕ ಪ್ರಥಮ ಚಿಕಿತ್ಸೆ ಹೇಳುತ್ತೆ. ಬಿಸಿ ಊಟ, ಒಣಬಟ್ಟೆ, ಮನೆಗೆ ಒಂದು ಫೋನ್, ಆ ರಾತ್ರಿ ಡ್ಯೂಟಿ ಇಲ್ಲ. ಮಾತಾಡೋಕೆ ಇಷ್ಟ ಇದ್ರೆ ಕೇಳೋಕೆ ಒಬ್ಬರು, ಇಷ್ಟ ಇಲ್ದಿದ್ರೆ ಒತ್ತಾಯ ಇಲ್ಲ. ಆಮೇಲೆ ನಾಲ್ಕು ವಾರ ಬಿಟ್ಟು ಪ್ರತಿಯೊಬ್ಬರನ್ನೂ ತಪ್ಪದೇ ವಿಚಾರಿಸೋದು. ತಪ್ಪಿಹೋಗೋದು ಆ ನಾಲ್ಕನೇ ವಾರವೇ.

ಒಲೆ ಕಿಡಿ
ಅಗ್ನಿಶಾಮಕದವರಿಗೆ ಒಂದು ಮಾತು. ತಲೆಗೆ ಪೆಟ್ಟಾದ ಮೇಲೆ ವಾಸನೆ ಹೋಗೋದುಂಟು. ಹಣೆ ಹಿಂದಿನ ಸಣ್ಣ ನರಗಳು ಮೂಳೆಯ ಜರಡಿಯಲ್ಲಿ ಕತ್ತರಿಸಿದ ಹಾಗಾಗ್ತವೆ. ಎಷ್ಟೋ ಜನಕ್ಕೆ ತಮಗೇ ಗೊತ್ತಿರಲ್ಲ, "ಊಟ ರುಚಿಸ್ತಿಲ್ಲ" ಅಂತಾರೆ. ಕಣ್ಣು ಮುಚ್ಚಿಸಿ ಕಾಫಿಪುಡಿ, ಏಲಕ್ಕಿ, ಸೋಪು ಒಂದೊಂದಾಗಿ ಮೂಗಿನ ಹೊಳ್ಳೆ ಬಳಿ ಹಿಡಿದು ನೋಡಿ. ಗ್ಯಾಸ್ ಸೋರಿಕೆ ಗೊತ್ತಾಗದ ಮನುಷ್ಯನನ್ನ ಮೊದಲ ಸಾಲಲ್ಲಿ ಒಳಗೆ ಕಳಿಸೋದು ತಂಡಕ್ಕೇ ಅಪಾಯ. ಮನೇಲೂ ಗ್ಯಾಸ್ ಅಲಾರಂ ಹಾಕ್ಸಿ.

ಗೊರೂರು ನಾಲೆ
ಆಕ್ಸಿಜನ್ ಚೇಂಬರಲ್ಲಿ 40 ಸಲ ಮಲಗಿದ್ರೆ ಮೆದುಳಿನ ಪೆಟ್ಟೂ ಪಿಟಿಎಸ್‌ಡಿಯೂ ಹೋಗುತ್ತೆ ಅಂತ ಜಾಹೀರಾತು ಬರ್ತಿದೆ. ಸಾಲ ಮಾಡಿ ಹೋಗೋರಿದ್ದಾರೆ.

ಬಾಬಾಬುಡನ್ ಗಾಳಿ
ಸಾಲ ಬೇಡ. ಅಮೆರಿಕದ ಸೇನೆಯವರ ಮೇಲೆ ಪ್ರಯೋಗ ನಡೆದಾಗ ಒಂದು ಗುಂಪಿಗೆ ನಿಜವಾದ ಚಿಕಿತ್ಸೆ, ಇನ್ನೊಂದಕ್ಕೆ ಬರೀ ತುಸು ಒತ್ತಡದ ಗಾಳಿ ಕೊಟ್ರು. ಎರಡೂ ಗುಂಪು ಸುಧಾರಿಸಿತು, ನಡುವೆ ವ್ಯತ್ಯಾಸ ಸಿಗ್ಲಿಲ್ಲ. ಆ ದುಡ್ಡಲ್ಲಿ 12 ಸೆಷನ್ ಸಿಪಿಟಿಗೆ ಓಡಾಡೋ ಖರ್ಚು, ರಜೆಯ ಸಂಬಳ ಎರಡೂ ಆಗುತ್ತೆ.

ಕಡತದ ಮೂಲೆ
ಕೆಲಸದ ಕಡೆ. ಸರ್ಕಾರಿ ನೌಕರರಾದ್ರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಕಲಂ 20(4) ನೋಡಿ: ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದ್ರೆ ಕೆಲಸದಿಂದ ತೆಗೆಯೋ ಹಾಗಿಲ್ಲ, ಹುದ್ದೆ ಇಳಿಸೋ ಹಾಗಿಲ್ಲ, ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು. ಕೆಲವು ಸಂಸ್ಥೆಗಳಿಗೆ ಅಧಿಸೂಚನೆಯಿಂದ ವಿನಾಯಿತಿ ಕೊಡೋಕೆ ಅದೇ ಕಲಂನಲ್ಲಿ ಅವಕಾಶ ಇದೆ, ಪೊಲೀಸರು ಅದನ್ನ ಮೊದ್ಲು ಪರಿಶೀಲಿಸಿ. ಗುತ್ತಿಗೆ ಸಿಬ್ಬಂದಿಗೆ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇದ್ರೆ, ಕೆಲಸದ ಗಾಯಕ್ಕೆ ರಜೆಯ ಅವಧಿಯಲ್ಲಿ ವೇತನದ ಶೇ. 90 ಸಿಗುತ್ತೆ. ಅದಕ್ಕೆ ಅಪಘಾತದ ಪುಸ್ತಕದಲ್ಲಿ "ತಲೆಗೆ ಪೆಟ್ಟು, ಪ್ರಜ್ಞೆ ತಪ್ಪಿತ್ತು" ಅಂತ ಅವತ್ತೇ ನಮೂದಾಗಿರಬೇಕು. "ಸಣ್ಣ ಗಾಯ" ಅಂತ ಬರೆದು ಮುಗಿಸಿದ್ರೆ ಆಮೇಲೆ ಅಲೆದಾಟ. ಚಿಕಿತ್ಸೆಯ ವಿವರ ಗುಟ್ಟಾಗಿಡೋ ಹಕ್ಕು 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆಯ 23ನೇ ಕಲಂನಲ್ಲಿದೆ.

ಪೈಲಟ್‌ಗಳಿಗೆ ಇನ್ನೊಂದು: ಲೈಸೆನ್ಸಿನ ಫಾರಂ 1ರಲ್ಲಿ ಮೂರ್ಛೆ, ಎಚ್ಚರ ತಪ್ಪೋದು, ತಲೆಸುತ್ತಿನ ಬಗ್ಗೆ ಪ್ರಶ್ನೆ ಇದೆ. ತಲೆಸುತ್ತು ವಾಸಿಯಾಗೋವರೆಗೆ ಸ್ಟಿಯರಿಂಗ್ ಬೇಡ.

ಕಾಡುಮಲ್ಲಿಗೆ
ಕೆಲಸಕ್ಕೆ ವಾಪಸಾತಿಯೂ ಮೆಟ್ಟಿಲಲ್ಲೇ ಇರ್ಲಿ. ಮೊದ್ಲು ನಾಲ್ಕು ಗಂಟೆ ಸ್ಟಾಕ್ ಪರಿಶೀಲನೆ, ಆಮೇಲೆ ಹಗಲು ಪಾಳಿ ಮೂರನೇ ವ್ಯಕ್ತಿಯಾಗಿ, ರಾತ್ರಿ ಪಾಳಿ ಕೊನೆಗೆ. ನೇರವಾಗಿ 12 ಗಂಟೆಯ ರಾತ್ರಿ ಡ್ಯೂಟಿಗೆ ಹಾಕಿದ್ರೆ ಎರಡೇ ವಾರಕ್ಕೆ ಮತ್ತೆ ಕುಸೀತಾರೆ.

ಇನ್ನೊಂದು ವಿಷಯ ಯಾರೂ ಕೇಳಿಲ್ಲ. "ಸಾಯೋ ಯೋಚನೆ ಬರ್ತಿದ್ಯಾ" ಅಂತ ಅವರನ್ನ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟಲ್ಲ. ಹೌದು ಅಂದ್ರೆ ಒಬ್ಬರನ್ನೇ ಬಿಡ್ಬೇಡಿ, ತೋಟದ ಔಷಧಿ, ಕೋವಿ, ಮಾತ್ರೆ ಎಲ್ಲ ಬೇರೆ ಮನೆಗೆ ಸಾಗಿಸಿ, 14416ಕ್ಕೆ ಕರೆ ಮಾಡಿ. ಅದು ಟೆಲಿಮನಸ್, ಕನ್ನಡದಲ್ಲೇ, ಹಗಲೂ ರಾತ್ರಿ, ಉಚಿತ. ತಕ್ಷಣದ ಅಪಾಯ ಇದ್ರೆ 112.

ಹೇಮಾವತಿ ದಂಡೆ
ಕೇಳಿದೆ. ಇಲ್ಲ ಅಂದ್ರು, ಆದ್ರೆ ಕೇಳಿದ್ದಕ್ಕೆ ಬಹಳ ಹೊತ್ತು ಕೈ ಹಿಡ್ಕೊಂಡಿದ್ರು. ಸೋಮವಾರ ಹಾಸನದ ಹಿಮ್ಸ್ ಆಸ್ಪತ್ರೆಗೆ ಹೊರಟಿದ್ದೀವಿ, ಇಎನ್‌ಟಿ ಮತ್ತು ಮನೋವೈದ್ಯರು ಎರಡೂ ಕಡೆ. ಏನೇನು ತಗೊಂಡು ಹೋಗ್ಬೇಕು?

ಬಾಬಾಬುಡನ್ ಗಾಳಿ
ಸಿಟಿಯ ವರದಿ ಮಾತ್ರ ಅಲ್ಲ, ಫಿಲ್ಮೂ. ಡಿಸ್ಚಾರ್ಜ್ ಸಮ್ಮರಿ. ಎಷ್ಟು ಹೊತ್ತು ಎಚ್ಚರ ಇರ್ಲಿಲ್ಲ, ಎಷ್ಟು ಹೊತ್ತು ಅದೇ ಪ್ರಶ್ನೆ ಕೇಳ್ತಿದ್ರು ಅಂತ ಪೈಲಟ್ ಕೈಲಿ ಒಂದು ಹಾಳೆ ಬರೆಸಿ, ಸಮ್ಮರಿಯಲ್ಲಿ ಇದು ಹೆಚ್ಚಾಗಿ ಇರಲ್ಲ. ಖಾಲಿ ಸ್ಟ್ರಿಪ್ ಸೇರಿಸಿ ಎಲ್ಲ ಮಾತ್ರೆ. ಇವತ್ತಿಂದಲೇ ಮಲಗಿದ್ದು, ಎದ್ದಿದ್ದು, ಕನಸು ಬಿದ್ದಿದ್ದು ಬರೆದಿಡಿ. ಜ್ಞಾಪಕದ ಪರೀಕ್ಷೆ, ಅದರ ತರಬೇತಿ ಬೇಕಾದ್ರೆ ಅಲ್ಲಿಂದ ನಿಮ್ಹಾನ್ಸ್‌ಗೆ ರೆಫರಲ್ ಬರೆಸ್ಕೊಳ್ಳಿ.

ದೋಣಿಗಾಲ್ ತಿರುವು
ಹೋಗೋ ದಿನ ಬೆಳಿಗ್ಗೆ ತಲೆಸುತ್ತಿನ ಮಾತ್ರೆ ಹಾಕ್ಕೋಬೇಕಾ ಅಂತ ಹಿಂದಿನ ದಿನವೇ ಇಎನ್‌ಟಿ ವಿಭಾಗಕ್ಕೆ ಫೋನ್ ಮಾಡಿ ಕೇಳಿ. ಹಾಕ್ಕೊಂಡು ಹೋದ್ರೆ ಕಣ್ಣುಗುಡ್ಡೆ ಕುಣಿಯೋದು ಕಾಣದೇ ಹೋಗಬಹುದು. ಪರೀಕ್ಷೆ ಆದ ಮೇಲೆ ಅರ್ಧ ಗಂಟೆ ಕೂರಿಸಿ ಆಮೇಲೆ ಬಸ್ ಹತ್ತಿಸಿ, ಮುಂದಿನ ಸೀಟಲ್ಲಿ.